ಗಾಲ್ಯಾಗಿನ ಗಾಳಿ

ಟೈರ್ ಅಂಗಡಿ ಇಟ್ಟಾಂವ ನಗು ಹುಡ್ಕೊಂಡ ಎಲ್ಲೂ ಹೋಗಬೇಕಾಗಿಲ್ಲ, ಅದ ತಾನ ಉರುಳಕೋಂತ ಬಾಗಲಿಗೆ ಬರ್ತೈತಿ. ಗಂಗಾವತ್ಯಾಗ ಮನಿ ಮುಂದನ ನಂದೊಂದ ಅಂಗಡಿ ಐತಿ. ಪಂಕ್ಚರ್ ತಿದ್ದೂದು, ಗಾಳಿ ಹಾಕೂದು, ಹಳೇ ಟೈರ್ ಕೊಡೂದು, ತಗೊಳ್ಳೂದು. ಬರೇ ಡೀಸೆಲ್ ಗಾಡಿ ಇದ್ದಾಗ ಮಂದಿ ಗಾಳಿ ಹಾಕಿಸ್ಕೊಂಡ ಸುಮ್ನ ಹೋಗ್ತಿದ್ರು. ಕರೆಂಟಿನ ಗಾಡಿ ಬಂದಮ್ಯಾಲ ಒಬ್ಬನೂ ಸುಮ್ನ ಹೋಗವಲ್ಲ.

ಇದಕ್ಕೆಲ್ಲಾ ಮೂಲ ನನ್ನ ಹೆಂಡ್ತಿ ತಮ್ಮ. ಮಂದಿ ಲಾರಿ ಹೊಡದು ಹೊಡದು ಬ್ಯಾಸತ್ತು, ತನ್ನದಂತ ಒಂದ ಸಣ್ಣ ಎಲೆಕ್ಟ್ರಿಕ್ ಟ್ರಕ್ ತಗೊಂಡ. ಮರಳಿ ಊರ ಹತ್ರ ಒಬ್ಬ ರೈಸ್ ಮಿಲ್ ಸಾವ್ಕಾರ್ರು ಅದಾರ. ಅವರು ಒಂದ ಮಾತ ಹೇಳಿದ್ರು: "ಅಕ್ಕಿ ತುಂಬಿದ ಗಾಡಿ ಇಲ್ಲಿಂದ ಹನುಮಸಾಗರತನಾ, ನಡುವ ಎಲ್ಲೂ ಚಾರ್ಜ್ ಮಾಡದಂಗ ಮುಟ್ಟಿಸಿ ತೋರ್ಸು. ಮುಟ್ಟಿದ್ರ ಆ ಬಾಡಿಗಿ ಕಾಯಂ ನಿಂದು. ನಿಂತ್ರ ಡೀಸೆಲ್‌ನಾವಗ ಕೊಡ್ತೀನಿ."

ಕಂಪನಿಯವರ ಲೆಕ್ಕದಾಗ ಗಾಡಿ ಮುಟ್ಟಬೇಕು. ಅಂವನ ಲೆಕ್ಕದಾಗೂ ಮುಟ್ಟಬೇಕು. ಗಾಡಿ ಒಂದ ಇನ್ನೂ ಒಪ್ಪಿದ್ದಿಲ್ಲ. ಮುಟ್ಟಲಿಲ್ಲಂದ್ರ ಗಾಡಿ ಮಾರಿ ಮತ್ತ ಮಂದಿ ಸ್ಟೇರಿಂಗ್ ಹಿಡೀಬೇಕು. ಹೆಂಡ್ತಿ ನನಗ ಹೇಳಿಬಿಟ್ಲು: "ಟೈರಿಂದು ನಿಮ್ಮ ಜವಾಬ್ದಾರಿ ರೀ. ನನ್ನ ತಮ್ಮನ ಗಾಡಿ ಯಾವತ್ತ ದಾರ್ಯಾಗ ನಿಂದರ್ತೈತೋ, ಅವತ್ತ ಈ ಮನಿ ಒಲಿನೂ ನಿಂದರ್ತೈತಿ."

ದೊಡ್ಡ ಗಾಲಿ

ನಾ ಊರಾಗ ಇಲ್ಲದಾಗ ಅಂವಾ ಕಂಪನಿ ಗಾಲಿ ಬಿಚ್ಚಿಸಿ, ದೊಡ್ಡ ಗಾಲಿ, ಅಗಲ ಟೈರ್ ಹಾಕಿಸ್ಕೊಂಡ ಬಂದ. ಟೈರಿನ ಮ್ಯಾಲ ಟ್ರ್ಯಾಕ್ಟರಿಗೆ ಇದ್ದಂಗ ದಪ್ಪ ದಪ್ಪ ಹಲ್ಲು.

"ಯಾಕಪಾ ಇದು?" ಅಂದೆ.

"ಮಾಮಾ, ಗಾಲಿ ದೊಡ್ಡದಿದ್ರ ಒಂದ ಸುತ್ತಿಗೆ ಭಾಳ ದೂರ ಹೋಗ್ತೈತಿ. ಹನುಮಸಾಗರ ಲಗೂನ ಬರ್ತೈತಿ."

"ಅಷ್ಟ ದೊಡ್ಡ ಗಾಲಿ ತಿರುಗಿಸಾಕ ಬಲಾ ಬೇಕಲ್ಲೋ. ಅಗಲ ಟೈರ್ ನೆಲಾ ಹಿಡೀತೈತಿ. ಹಲ್ಲಿನ ಟೈರ್ ಇರೂದು ಕೆಸರಿಗೆ, ಡಾಂಬರಿಗಲ್ಲ. ನಿನ್ನ ಬ್ಯಾಟರಿ ಎಲ್ಲಾ ಟೈರ ತಿಂದ ಬಿಡ್ತೈತಿ."

"ಸುಮ್ನಿರ್ರಿ ಮಾಮಾ, ನೋಡಾಕ ಹೆಂಗ ಐತಿ ಹೇಳ್ರಿ."

ನೋಡಾಕ ಖರೇನ ಛಲೋ ಇತ್ತು. ಪರೀಕ್ಷಾ ಮಾಡ್ತೀನಂತ ಒಂದೀಟ ಲೋಡ್ ಹಾಕ್ಕೊಂಡ ಹೊಂಟ. ತಾವರಗೇರಾ ಇನ್ನೂ ದೂರ ಇರೂದ್ರಾಗ ಗಾಡಿ ನಿಂತಿತು. ಫೋನ್ ಹಚ್ಚಿದ: "ಮಾಮಾ, ರಸ್ತಾ ಸರಿ ಇಲ್ಲ." ಕುಣೀಲಾರದಾಕಿ ನೆಲಾ ಡೊಂಕಂದ್ಲಂತ.

ನಾ ಹೋಗೂದ್ರಾಗ ಸುತ್ತ ಮಂದಿ ಕೂಡಿ ಟೈರಿನ ಫೋಟೋ ಹೊಡ್ಕೊಳ್ಳಾಕತ್ತಿದ್ರು. ಒಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಸ್ಕೊಂಡ ಬಂದ್ವಿ. ಟ್ರ್ಯಾಕ್ಟರಿನಾಂವ ದಾರಿ ತುಂಬ ಹಿಂದ ಹಿಂದ ಹೊಳ್ಳಿ ನೋಡ್ತಿದ್ದ. ಅಂಗಡಿ ಮುಂದ ಹಗ್ಗ ಬಿಚ್ಚೂ ಮುಂದ ಕೇಳಿದ: "ಅಣ್ಣಾ, ಈ ಟೈರ್ ಎಳಿಯೋ ಗಾಡಿಗೆ ಹಾಕ್ತಾರ. ಎಳಸ್ಕೊಳ್ಳೋ ಗಾಡಿಗೆ ಯಾಕ ಹಾಕೀರಿ?"

ಎರಡ ಕಡ್ಡಿ

ಗಾಡಿ ಕೊಟ್ಟ ಕೊಪ್ಪಳದ ಶೋರೂಮಿನಿಂದ ಒಬ್ಬ ಮೇಡಂ ಫೋನ್ ಮಾಡಿದ್ರು. ಪಾಪ, ಬ್ಯಾರೆ ಕಡೇದಾಕಿ. ಹೆಂಡ್ತಿ ತಮ್ಮ ನನ್ನ ಅಂಗಡ್ಯಾಗ ಕುಂತಿದ್ದ, ಸ್ಪೀಕರ್ ಹಾಕಿದ.

"ಸರ್, ನಿಮಗೆ ರೇಂಜ್ ಎಷ್ಟು ಬರ್ತಾ ಇದೆ?"

"ಅಂಗಡ್ಯಾಗ ಎರಡ ಕಡ್ಡಿ ಬರ್ತೈತ್ರಿ ಮೇಡಂ. ಮನ್ಯಾಗ ಒಂದೂ ಬರೂದಿಲ್ಲ."

"ದಿನಾ ಫುಲ್ ಚಾರ್ಜ್ ಮಾಡ್ತೀರಾ ಸರ್?"

"ಮಾಡ್ತೀನ್ರಿ. ಚಾರ್ಜ್ ಫುಲ್ ಇದ್ರೂ ಅಷ್ಟ. ಮಾಳಿಗಿ ಏರಿದ್ರ ಮಾತ್ರ ಛಲೋ ಬರ್ತೈತಿ."

"ಮಾಳಿಗೆ ಮೇಲೆ... ಹತ್ತುತ್ತಾ ಸರ್?"

"ಹತ್ತಲಿಕ್ಕೇನ್ರಿ, ನಿಚ್ಚಣಿಕಿ ಐತಿ. ನಮ್ಮ ಓಣ್ಯಾಗ ಎಲ್ಲಾರೂ ಹತ್ತತಾರ."

ನಾ ಪಂಕ್ಚರ್ ತಿದ್ದೋದ ಬಿಟ್ಟು, ಆಕಿ ಕೇಳೂದು ಫೋನಿಂದಲ್ಲ, ಗಾಡೀದು ಅಂತ ಕೈಸನ್ನಿ ಮಾಡಿದೆ. ಅಂವಾ ಸನ್ನಿ ನೋಡಿ, "ಹಾಂ ಮೇಡಂ, ನಮ್ಮ ಮಾಮಾನೂ ಹತ್ತತಾರ" ಅಂದು ಫೋನ್ ಇಟ್ಟ. ಮರುದಿನ ಶೋರೂಮಿನ ಮೆಕ್ಯಾನಿಕ್ ಒಬ್ಬ ಮೋಟರ್ ಸೈಕಲ್ ಮ್ಯಾಲ ಬಂದ. ಗಾಡಿ ನೆಲದ ಮ್ಯಾಲ ನಿಂತದ್ದು ನೋಡಿ ಅಂವಗ ಸಮಾಧಾನ ಆತು. "ಇಳಿಸಿಬಿಟ್ಟೀರೇನ್ರಿ? ಛಲೋ ಆತು. ಕ್ರೇನ್ ಬೇಕೇನಂತ ನೋಡ್ಕೊಂಡ ಬಾ ಅಂದಿದ್ರು."

ಕುಷ್ಟಗಿ ದೂರ ಹೋತು

ದೊಡ್ಡ ಗಾಲಿ ಬ್ಯಾಡ ಅಂದೆ ನೋಡ್ರಿ, ಅದಕ್ಕ ಅಂವಾ ಎಲ್ಲಿಂದಲೋ ಕಂಪನಿ ಗಾಲಿಗಿಂತ ಸಣ್ಣವು, ಸವದು ನುಣ್ಣಗಾದವು ತಂದ ಹಾಕ್ಕೊಂಡ. "ಹಗೂರ ಇರ್ತಾವ ಮಾಮಾ." ಇಂಥಾವ್ರಿಗೆ ಹೇಳಿ ಹೇಳಿ ನನ್ನ ಬಾಯಿ ಸವದೈತಿ. ಹೋಗಪಾ ಅಂದೆ.

ಹೊತ್ತ ಏರೂದ್ರಾಗ ಫೋನ್ ಬಂತು. ಅಂವನ ದನಿ ಕುಣೀತಿತ್ತು. "ಮಾಮಾ, ಮೈಲೇಜ್ ಬಂತು. ಮೀಟರಿನ್ಯಾಗ ಕುಷ್ಟಗಿ ದಾಟೀನಿ."

"ಈಗ ಎಲ್ಲಿ ಅದಿ?"

"ಕುಷ್ಟಗಿಗೆ ಇನ್ನೂ ಬಂದಿಲ್ರಿ. ಗಾಡಿ ನಿಂತೈತಿ."

"ಮೀಟರಿಗೆ ಕಣ್ಣಿಲ್ಲೋ. ಅದು ಗಾಲಿ ಎಷ್ಟ ಸುತ್ತ ತಿರುಗಿತು ಅಂತ ಎಣಿಸ್ತೈತಿ ಅಷ್ಟ. ಸಣ್ಣ ಗಾಲಿ ಅಷ್ಟ ದಾರಿಗೆ ಜಾಸ್ತಿ ಸುತ್ತ ಹಾಕ್ತೈತಿ. ಅಳಿಯ ಅಲ್ಲ, ಮಗಳ ಗಂಡ ಅಂದಂಗ."

"ಹಂಗಾರ ಕುಷ್ಟಗಿ?"

"ಇದ್ದಲ್ಲೇ ಐತಿ."

ಸಣ್ಣ ದನೀಲೆ ಕೇಳಿದ: "ಮಾಮಾ, ಸಾವ್ಕಾರ್ರಿಗೆ ಮೀಟರ್ ತೋರ್ಸಿದ್ರ ನಡಿಯೂದಿಲ್ಲೇನ್ರಿ?"

"ನಡೀತೈತಿ. ಅಕ್ಕೀನೂ ಮೀಟರಿನ್ಯಾಗ ಇಳಿಸಿ ಬಾ" ಅಂದೆ.

ತ್ರೀ ಫೇಸ್

ಒಂದಿನ ಯಲಬುರ್ಗಾ ಕಡೇ ಹಿರ್ಯಾರೊಬ್ರು ಟ್ರ್ಯಾಲಿ ಟೈರ್ ತಿದ್ದಸಾಕ ಬಂದಿದ್ರು. ಹೆಂಡ್ತಿ ತಮ್ಮನ ಗಾಡಿ ಸುತ್ತ ಒಂದ ಸುತ್ತ ಹಾಕಿ ಕೇಳಿದ್ರು: "ತಮ್ಮಾ, ಕರೆಂಟ್ ಹೋದ್ರ ನಿಂದರ್ತೈತೇನು?"

"ಇಲ್ರಿ, ಮೊದಲ ಒಳಗ ತುಂಬ್ಕೊಂಡಿರ್ತೈತಿ."

"ಮತ್ತ ಹನುಮಸಾಗರ ಯಾಕ ಮುಟ್ಟವಲ್ದು?"

ಈ ಸುದ್ದಿ ಯಲಬುರ್ಗಾತನಾ ಹೋಗಿತ್ತು. ಇವನ ಮಾರಿ ಸಣ್ಣದಾತು. ಹಿರ್ಯಾರು ಹೆಗಲಮ್ಯಾಲ ಕೈ ಇಟ್ಟು, "ನೀ ಸಿಂಗಲ್ ಫೇಸಿನ್ಯಾಗ ಹೊಂಡ್ತಿ ಅಂತ ಕಾಣ್ತೈತಿ. ತ್ರೀ ಫೇಸ್ ಕೊಟ್ಟಾಗ ಹೊಂಡಪಾ. ನಮ್ಮ ಬೋರಿಂದೂ ಹಿಂಗ ಆಗಿತ್ತು" ಅಂದ್ರು.

ನಾ ನಕ್ಕೆ. ಇಂವಾ ನಗಲಿಲ್ಲ. ಮರುದಿನ ನಮ್ಮ ಲೈನ್‌ಮನ್ ಬಂದು ನನಗ ಕೇಳಿದ: "ಅಣ್ಣಾ, ಹನುಮಸಾಗರ ರಸ್ತಾಕ್ಕ ತ್ರೀ ಫೇಸ್ ಎಷ್ಟೊತ್ತಿಗೆ ಬಿಡ್ತೀರಿ ಅಂತ ನಿಮ್ಮವರು ಕೇಳಾಕ ಬಂದಿದ್ರು. ಆರಾಮ ಅದಾರಲ್ಲ?"

ಗಾಳಿ

ಕಡೀಕ ಸಾವ್ಕಾರ್ರು, "ನಾಳೆ ಮುಂಜಾನಿ ಗಾಡಿ ತಾ, ಇಲ್ಲಂದ್ರ ಬಿಡು" ಅಂದ್ರು. ಕಂಪನಿ ಗಾಲೀನ ಹಾಕೂದಂತ ನಾ ಗಟ್ಟಿ ಹಿಡದೆ. ಅವು ತೆಳ್ಳಗ, ನೋಡಾಕ ಸಪ್ಪಗ, ಆದ್ರ ಹಗೂರ ಉರುಳ್ತಾವ. ಅವು ಇದ್ದದ್ದೆಲ್ಲಿ ಅಂದ್ರ ಕುಷ್ಟಗಿ ಹತ್ರ ಹಳ್ಳ್ಯಾಗ, ನಮ್ಮ ಅತ್ತಿ ಮನ್ಯಾಗ, ನೀರಿನ ಹರವಿ ಕೆಳಗ. ಅಂವಾ ಬಿಚ್ಚಿ ಒಯ್ದಿಟ್ಟಾಗ, ಹರವಿ ಅಳ್ಳಾಡದಂಗ ಛಲೋ ಕುಂದರ್ತಾವಂತ ಅತ್ತಿ ಇಟ್ಕೊಂಡಿದ್ರು. ಗಾಲಿ ಜೋಡಿ ಅವರೂ ಬಂದ್ರು. ಸಂಜೀಕ ಗಾಲಿ ಹಾಕಿಬಿಟ್ಟೆ.

ಅಂವಗ ಇನ್ನೊಂದ ಚಟಾ ಇತ್ತು. ನಾ ಗಾಳಿ ತುಂಬಿ ಕಳಿಸಿದ್ರ ಓಣಿ ಮೂಲಿ ತಿರುಗಿ ಒಂದೀಟ ಬಿಟ್ಟುಬಿಡ್ತಿದ್ದ. ಗಾಳಿ ಕಮ್ಮಿ ಇದ್ರ ಗಾಡಿ ಮೆತ್ತಗ ಹೋಗ್ತೈತಿ, ನಡಾ ನೋಯೂದಿಲ್ಲಂತ. ಮೆತ್ತಗಿನ ಟೈರ್ ಉರುಳಸಾಕ ಬ್ಯಾಟರಿ ಎಷ್ಟ ಸುರೀತೈತಿ ಅನ್ನೂದು ಅಂವನ ನಡಕ್ಕ ಗೊತ್ತಿಲ್ಲ. ಉಣ್ಣಾಕ ಕುಂತಾಗ ಬೈದೆ: "ದೊಡ್ಡ ಗಾಲಿ ಆತು, ಸಣ್ಣ ಗಾಲಿ ಆತು. ಎಲ್ಲಾ ಗಾಳೀದ ಕಾಟ. ಗಾಳಿ ಒಂದ ಸರಿ ಆದ್ರ ಹನುಮಸಾಗರ ಮುಟ್ಟತಿ."

ರೊಟ್ಟಿ ನೀಡೂ ಅತ್ತಿ ಕೈ ನಿಂತಿತು. "ಗಾಳಿ ಐತೇನ? ಎಲ್ಲಿ ಐತ್ರಿ ಅಳಿಯಾರ?"

"ಗಾಲ್ಯಾಗ ಐತ್ರಿ ಅತ್ತಿ."

"ಹೇಮಗುಡ್ಡದ ದುರ್ಗವ್ವ, ನೀನ ಕಾಯಬೇಕ ತಾಯಿ" ಅಂದ್ರು. ದೇವರ ನೆನಸಿದ್ರು ಅಂತ ನಾ ಸುಮ್ನ ಉಂಡೆ. ನಮ್ಮ ಕಡೆ ಗಾಳಿ ಎರಡ ಥರಾ ಅದಾವ. ಒಂದು ಟೈರಿನ್ಯಾಗ ತುಂಬೂದು, ಇನ್ನೊಂದು ಮನಷ್ಯಾನ ಮೈಯಾಗ ಹೊಕ್ಕೊಳ್ಳೂದು. ನಾ ಹಾಕಾಂವ ಮೊದಲಿಂದು. ಅತ್ತಿಗೆ ಗೊತ್ತಿದ್ದದ್ದು ಎರಡನೇದು.

ಬೆಳಕ ಹರಿಯೂದ್ರಾಗ ಹೊರಗ ಏನೋ ಗುಣುಗುಣು ಕೇಳಿತು. ಬಾಗಲಾ ತಗದ್ರ, ಗಾಡಿ ಮುಂದ ಬೇವಿನ ತಪ್ಪಲ, ನಿಂಬಿಹಣ್ಣು, ಬೂದಿ. ಮಂದಿಗೆ ಹಿಡದ ಗಾಳಿ ಬಿಡಸೋ ಅಜ್ಜಾರನ್ನ ಅತ್ತಿ ಕರಕೊಂಡ ಬಂದಿದ್ರು.

"ಎಂದಿಂದ ಹಿಡದೈತಿ?" ಅಂತ ಅಜ್ಜಾರು ಕೇಳಾಕತ್ತಿದ್ರು.

"ತಂದಾಗಿಂದ ರೀ. ಅರ್ಧ ದಾರಿಗೆ ನಿಂದರ್ತೈತಿ, ಮುಂದ ಹೆಜ್ಜಿ ಇಡೂದಿಲ್ಲ."

"ಎಲ್ಲಿ ಕುಂತೈತಿ?"

"ಗಾಲ್ಯಾಗಂತ ರೀ. ನಮ್ಮ ಅಳಿಯಾರ ಹೇಳ್ಯಾರ."

ಅಜ್ಜಾರು ಗಾಲಿಗೆ ಕಿವಿ ಹಚ್ಚಿ, "ಐತಿ" ಅಂದ್ರು. ಬೇವಿನ ಕಡ್ಡಿ ತಗೊಂಡು ವಾಲ್ವಿನ ಪಿನ್ ಒತ್ತಿದ್ರು. ಸುಂಯ್ ಅಂತು. ಅತ್ತಿ ಕೈ ಮುಗದ್ರು. "ನೋಡವಾ, ಹೆಂಗ ಒದರ್ಕೋಂತ ಹೊಂಟೈತಿ. ಹರೇದಾಗಿಂದ ಗಾಳಿ ಬಿಡಸ್ತೀನಿ, ಇಷ್ಟ ಲಗೂ ಮಾತ ಕೇಳಿದ್ದು ಇದ ಒಂದ" ಅಂದ್ರು ಅಜ್ಜಾರು. ನಾ ಅಂಗಳಕ್ಕ ಇಳಿಯೂದ್ರಾಗ ಕಡೀ ಗಾಲೀದೂ ಬಿಟ್ಟು ಹೋತು. ಗಾಡಿ ರಿಮ್ಮಿನ ಮ್ಯಾಲ ಕುಂತಿತು.

ಅದ ಹೊತ್ತಿಗೆ ಸಾವ್ಕಾರ್ರ ಫೋನ್. "ಆಳು ಕಾಯಾಕತ್ತಾರ, ಎಲ್ಲಿ ಅದಿ?"

"ಗಾಳಿ ಬಿಡಸಾಕತ್ತಾರ್ರಿ ಸಾವ್ಕಾರ್ರ" ಅಂದ ಹೆಂಡ್ತಿ ತಮ್ಮ.

ಸಾವ್ಕಾರ್ರೂ ನಮ್ಮ ಕಡೇದವರ. "ಅಯ್ಯ ಪಾಪ. ಪೂರ್ತಿ ಬಿಡಿಸ್ಕೊಂಡ ಸಾವಕಾಶ ಬಾರಪಾ" ಅಂದ್ರು.

ಅಂವಾ ಕಟ್ಟಿ ಮ್ಯಾಲ ಕುಂತ. "ಇವತ್ತ ಆಗಲಿಲ್ಲಂದ್ರ ನಾ ಹಳೇ ಲಾರಿಗೇ ಹೋಗ್ತೀನಿ ಮಾಮಾ" ಅಂದ. ಅಂವನ ಮಾರಿ ನೋಡಿ ಅತ್ತಿ ಮ್ಯಾಲಿನ ಸಿಟ್ಟು ಅಲ್ಲೇ ಇಳೀತು. ಕಂಪ್ರೆಸರ್ ಹಚ್ಚಿದೆ. ಗಾಡಿ ಬಾಗಲದ ಒಳಗ ಕಂಪನಿಯವರು ಎಷ್ಟ ಗಾಳಿ ಅಂತ ಬರದಾರೋ ಅಷ್ಟ, ಒಂದ ಗಾಲಿಗೆ ಹೆಚ್ಚಿಲ್ಲ, ಒಂದಕ್ಕ ಕಮ್ಮಿಲ್ಲ, ಹಂಗ ತುಂಬಿದೆ. ಮಿಲ್ಲಿಗೆ ಹೋಗಿ ಅಕ್ಕಿ ತುಂಬಿಸ್ಕೊಂಡ್ವಿ. ನಾನೂ ಬಾಜೂಕ ಏರಿ ಕುಂತೆ, ಇಲ್ಲಂದ್ರ ಓಣಿ ಮೂಲ್ಯಾಗ ಗಾಳಿ ಬಿಡ್ತಿದ್ದ.

ತಾವರಗೇರಾ ಹತ್ರ ಕೇಳಿದ: "ಮಾಮಾ, ನಡಾ ನೋಯಾಕತ್ತೈತಿ, ಒಂದೀಟ ಬಿಡ್ಲೇನ್ರಿ?" "ಕೈ ಸ್ಟೇರಿಂಗ್ ಮ್ಯಾಲಿರಲಿ" ಅಂದೆ. ಕುಷ್ಟಗಿ ಬಂತು, ಈ ಸಲಾ ಕಣ್ಣಿಗೂ ಕಾಣ್ತು. ಹನುಮಸಾಗರ ಮುಟ್ಟಿದಾಗ ಬ್ಯಾಟರ್ಯಾಗ ಇನ್ನೂ ಚಾರ್ಜ್ ಇತ್ತು. ಅಂವಾ ಲಗೂ ಇಳೀಲಿಲ್ಲ, ಟವಲಿನಿಂದ ಮಾರಿ ಒರಸ್ಕೋಂತ ಕುಂತ. ನನಗೂ ಕಣ್ಣ ತುಂಬಿ ಬಂತು. ಆಮ್ಯಾಲ ಮೊದಲ ಫೋನ್ ಅವರವ್ವಗ ಮಾಡಿದ: "ಯವ್ವಾ, ಮುಟ್ಟಿತು. ನಿಮ್ಮ ಅಜ್ಜಾರು ದೇವರಂಥಾ ಮನಷ್ಯಾ."

ಅವತ್ತ ನಮ್ಮನ್ಯಾಗ ಹೋಳಿಗಿ ಮಾಡಿದ್ರು. ಮೊದಲ ಎಲಿ ಅಜ್ಜಾರಿಗೆ.

ಈಗ ಬಾಡಿಗಿ ಕಾಯಂ ಆಗೇತಿ. ಮೊನ್ನೆ ಅತ್ತಿ ಫೋನ್ ಮಾಡಿ ನನಗ ಕೇಳಿದ್ರು: "ಅಳಿಯಾರ, ಗಾಡಿ ಗಾಳಿ ಹೆಂಗೈತ್ರಿ?"

ನಾ ಹಿಂದ ಮುಂದ ನೋಡದ ಹೇಳಿಬಿಟ್ಟೆ: "ಛಲೋ ಐತ್ರಿ ಅತ್ತಿ. ನಿನ್ನೆನ ನಾಲ್ಕೂ ಗಾಲಿಗೆ ನಾನ ಕೈಯಾರೆ ತುಂಬೀನಿ."

ಅತ್ತಿ ಲಗೂನ ಫೋನ್ ಮಗಳಿಗೆ ಕೊಡ್ರಿ ಅಂದ್ರು. ನನ್ನ ಹೆಂಡ್ತಿ ಕಿವಿಗೆ ಹಚ್ಚಿಕೊಂಡ್ರೂ ಅವರು ಹೇಳಿದ್ದು ನನಗ ಸ್ವಚ್ಛ ಕೇಳಿತು: "ಯವ್ವಾ, ಹುಷಾರಿರು. ನಾವು ಬಿಡಸಾಂವನ್ನ ಹೊರಗ ಹುಡಿಕಿದ್ವಿ, ತುಂಬಾಂವ ಮನ್ಯಾಗ ಅದಾನ."