ಮಹಾರಾಜರ ನಲವತ್ತು ಸಾವಿರ ಖಾಸಗಿ ಪತ್ರಗಳು

ಬಹಳ ಹಿಂದೆ, ಅಂದರೆ ಮನೆಮನೆಗೂ ಇಮೇಲ್ ಬರುತ್ತಿದ್ದು ನೀರು ಮಾತ್ರ ಬಾರದಿದ್ದ ಕಾಲದಲ್ಲಿ, ಸುಖಾವತಿ ಎಂಬೊಂದು ರಾಜ್ಯವಿತ್ತು. ಅದನ್ನು ಪ್ರಜಾಹೃದಯಕಮಲಭಾಸ್ಕರ ಶ್ರೀಮನ್ಮಹಾರಾಜ ಮೃದುವರ್ಮರು ಆಳುತ್ತಿದ್ದರು. ಒಂದು ಬೆಳಗ್ಗೆ ಮಹಾರಾಜರಿಗೆ ಪ್ರಜೆಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಇಂಥದ್ದು ಆಗಾಗ ಉಕ್ಕುತ್ತಿತ್ತು. ಅಪಾಯವೇನಿಲ್ಲ ಎಂದು ರಾಜವೈದ್ಯರು ಹೇಳಿದ್ದರು.

"ಒಬ್ಬೊಬ್ಬ ಪ್ರಜೆಗೂ ನಾವೇ ಕೈಯಾರೆ ಪತ್ರ ಬರೆಯಬೇಕು," ಎಂದು ಅಪ್ಪಣೆಯಾಯಿತು. "ಅವರವರ ಹೆಸರು ಹಿಡಿದು, ಅವರವರ ಕಷ್ಟ ವಿಚಾರಿಸಿ. ನಲವತ್ತು ಸಾವಿರ ಪತ್ರ. ಊಟದ ಹೊತ್ತಿಗೆ ಮುಗಿದಿರಲಿ."

ಮಹಾರಾಜರ ಇಂಥ ಕೈಬರಹಕ್ಕೆಂದೇ ಅರಮನೆಯಲ್ಲಿ ಕೆಂಚಮ್ಮ ಎಂಬ ಗುಮಾಸ್ತೆ ಇದ್ದಳು. ಅವಳ ಮುಂದೆ ಒಂದು ಕಪ್ಪು ಪರದೆ. ಅದರ ಮೇಲೆ ಒಂದು ಸಾಲು ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ದೂರುಗಳ ಡೇಟಾಬೇಸಿನಿಂದ ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಕಷ್ಟ ಎದ್ದುಬಂದು ಪತ್ರದ ಖಾಲಿ ಜಾಗಗಳಲ್ಲಿ ಕೂತು, ಇಮೇಲುಗಳು ಸಾಲಾಗಿ ಹೊರಟುಬಿಡುತ್ತಿದ್ದವು. ಪತ್ರದ ನಮೂನೆಯನ್ನು ಮಹಾರಾಜರೇ ಹೇಳಿ ಬರೆಸಿದ್ದರು: "ಪ್ರೀತಿಯ ಇಂಥವರೇ, ನಿಮ್ಮ ಇಂಥ ಕಷ್ಟ ಕೇಳಿ ನನಗೆ ಅನ್ನ ಸೇರುತ್ತಿಲ್ಲ. ಎಂಟು ದಿನದಲ್ಲಿ ಬಗೆಹರಿಸುತ್ತೇನೆ."

ಕೆಂಚಮ್ಮನ ಕಣ್ಣು ಆ ಕೊನೆಯ ವಾಕ್ಯದ ಮೇಲೆಯೇ ಇತ್ತು. ಅವಳು ವಾಸವಿದ್ದ ಕುಂಬಾರಗೇರಿಯ ಬೋರ್‌ವೆಲ್ ಪಂಪು ಕೆಟ್ಟು ಏಳು ತಿಂಗಳಾಗಿತ್ತು. ಕೇರಿಯ ಹೆಂಗಸರು ಎರಡು ಮೈಲಿ ನಡೆದು ನೀರು ಹೊರುತ್ತಿದ್ದರು. ಡೇಟಾಬೇಸ್ ತೆರೆದ ದಿನವೇ ಅವಳು ಮೊಟ್ಟಮೊದಲ ಸಾಲಿನಲ್ಲಿ ಆ ದೂರನ್ನು ದಾಖಲಿಸಿದ್ದಳು. ಸುಖಾವತಿಯಲ್ಲಿ ರಾಜರ ಪತ್ರ ಕಂಡರೆ ಎಂಜಿನಿಯರುಗಳು ಕೂಡ ಕುರ್ಚಿ ಬಿಟ್ಟು ಏಳುತ್ತಿದ್ದರು. ಪಾಪ, ಅಂದು ಅವಳಿಗೆ ಎಲ್ಲಿಲ್ಲದ ಆಸೆ.

ಅಷ್ಟರಲ್ಲಿ ಮರ್ಯಾದಾಮಂತ್ರಿ ಘನಗಂಭೀರರಾಯರು ಬಂದು ಪರದೆಯೊಳಗೆ ಇಣುಕಿದರು. ಯಾವ ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿರಬೇಕೆಂದು ನೋಡಿಕೊಳ್ಳುವುದೇ ಅವರ ಖಾತೆ. ಮೊದಲ ಸಾಲಿನಲ್ಲಿ ಕೆಂಚಮ್ಮ! ತಮ್ಮ ಆನೆಯ ಅಂಬಾರಿಗೆ ಚಿನ್ನದ ಲೇಪ ಮಾಸಿದೆಯೆಂದು ಹಿಂದಿನ ದಿನವಷ್ಟೇ ದೂರು ಕೊಟ್ಟಿದ್ದ ರಾಯರು ಕಟ್ಟಕಡೆಯ ಸಾಲಿನಲ್ಲಿ! ಅವರಿಗೆ ತಲೆ ಸುತ್ತಿದಂತಾಯಿತು.

"ಹೆಸರುಗಳನ್ನು ಅಂತಸ್ತಿನ ಪ್ರಕಾರ ಜೋಡಿಸತಕ್ಕದ್ದು. ನಮ್ಮದು ಮೇಲೆ, ನಿನ್ನದು ಕೆಳಗೆ."

"ಆಗ್ಲಿ ಬುದ್ಧಿ. ಸಾಲಿಗೆ ಸಾಲೇ ಎತ್ತಿ ಇಡ್ತೀನಿ."

"ಇಡೀ ಸಾಲೇಕೆ? ಹೆಸರು, ವಿಳಾಸ ಸಾಕು. ಗಣ್ಯರ ಹೆಸರು ಮೇಲೇರಬೇಕು, ಸರಿ. ಅವರ ಕಷ್ಟವನ್ನೂ ಮೇಲೇರಿಸಿ ಮೆರೆಸುವುದು ಯಾವ ಶಿಷ್ಟಾಚಾರ?"

"ಅಯ್ಯೋ, ಹಂಗ್ ಮಾಡಿದ್ರೆ ಒಬ್ರ ಕಷ್ಟ ಇನ್ನೊಬ್ರ ತಲೆಗೆ ಬೀಳ್ತದೆ ಬುದ್ಧಿ!"

"ರಾಜ್ಯಭಾರವೆಂದರೆ ಮತ್ತೇನು?" ಎಂದರು ರಾಯರು.

ಕೆಂಚಮ್ಮ ವಿಧಿಯಿಲ್ಲದೆ ಹೆಸರು, ವಿಳಾಸಗಳನ್ನಷ್ಟೇ ಜೋಡಿಸಿದಳು. ಕಷ್ಟಗಳು ಇದ್ದಲ್ಲೇ ಉಳಿದವು. "ಕಳ್ಸೋಕ್ ಮುಂಚೆ ಒಂದೇ ಒಂದು ಪತ್ರ ಪರೀಕ್ಷೆಗೆ ತೆಗ್ದು ನೋಡೋಣ," ಎಂದು ಅಂಗಲಾಚಿದಳು. "ಪ್ರಭುಗಳ ಮಾತಿಗೆ ಪರೀಕ್ಷೆಯೇ? ಏಳು ತಲೆಮಾರಿನಿಂದ ಈ ರಾಜ್ಯದಲ್ಲಿ ಯಾರೂ ಮಾಡದ ದ್ರೋಹವಿದು. ಒತ್ತು!" ಎಂದು ರಾಯರು ಗದರಿದರು. ಇದ್ದೊಂದು ಕೆಲಸವೂ ಹೋದೀತೆಂಬ ಹೆದರಿಕೆಯಲ್ಲಿ ಅವಳು ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ರಾಜ್ಯವೆಲ್ಲ ಗಲಿಬಿಲಿ. ಕೋಟೆಬಾಗಿಲ ಪೈಲ್ವಾನನ ಬಾಣಂತನದ ಕಷ್ಟ ಕೇಳಿ ಮಹಾರಾಜರಿಗೆ ಅನ್ನ ಸೇರಿರಲಿಲ್ಲ. ಮದುವೆಯೇ ಆಗದ ಸೇನಾಧಿಪತಿಗಳಿಗೆ ಅಳಿಯನ ಕಾಟದ ಬಗ್ಗೆ ಸಾಂತ್ವನ ಬಂದಿತ್ತು. ಪಂಪಿನ ಪತ್ರ ರಾಯರಿಗೆ, ಅಂಬಾರಿಯ ಪತ್ರ ಕೆಂಚಮ್ಮನಿಗೆ. ಅವಳು ಪತ್ರ ಹಿಡಿದು ಆಸ್ಥಾನಕ್ಕೆ ಓಡಿ, "ತಪ್ಪಾಗೈತೆ ಬುದ್ಧಿ, ಎಲ್ಲಾ ಅದಲು ಬದಲಾಗೈತೆ," ಎಂದು ಅಡ್ಡಬಿದ್ದಳು.

"ತಪ್ಪೇ? ನಮ್ಮ ಪತ್ರದಲ್ಲೇ?" ಮಹಾರಾಜರ ಮುಖ ಬಾಡಿತು.

"ಪತ್ರ ಸರಿಯಾಗಿಯೇ ಇದೆ, ಪ್ರಭು," ಎಂದರು ರಾಯರು. "ಪ್ರಜೆಗಳು ಇನ್ನೂ ಪತ್ರಕ್ಕೆ ಹೊಂದಿಕೊಂಡಿಲ್ಲ, ಅಷ್ಟೇ."

ಮಹಾರಾಜರ ಮುಖ ಅರಳಿತು. ತಕ್ಷಣ ರಾಜಾಜ್ಞೆ ಹೊರಟಿತು: ಪತ್ರದಲ್ಲಿ ನಮೂದಾದ ಕಷ್ಟವೇ ಆಯಾ ಪ್ರಜೆಯ ಅಧಿಕೃತ ಕಷ್ಟ, ಅಂಥ ಕಷ್ಟವಿಲ್ಲದವರು ಎಂಟು ದಿನದೊಳಗೆ ಹೊಂದತಕ್ಕದ್ದು, ಅನುಮತಿಯಿಲ್ಲದೆ ಬೇರೆ ಕಷ್ಟ ಇಟ್ಟುಕೊಂಡವರು ದಂಡನೆಗೆ ಅರ್ಹರು.

"ಅಂಬಾರಿ ಹೊರಾಕೆ ನಮ್ ಕೇರೀಲಿ ಆನೇನೇ ಇಲ್ವಲ್ಲ ಬುದ್ಧಿ!" ಎಂದು ಕೆಂಚಮ್ಮ ಗೋಳಾಡಿದಳು.

"ಅಯ್ಯೋ ಪಾಪ, ಆನೆಯೂ ಇಲ್ಲವೇ?" ಮಹಾರಾಜರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ಒಂದು ಕೊಡಿ."

ಮೃದುವರ್ಮರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಎಂಟನೆಯ ದಿನಕ್ಕೆ ರಾಯರ ತೋಟದಲ್ಲಿ ಹೊಸ ಪಂಪು ಕೂತು ಕಾರಂಜಿ ಆಳೆತ್ತರ ಚಿಮ್ಮಿತು. ಕುಂಬಾರಗೇರಿಗೆ ವಾದ್ಯ ಸಮೇತ ಆನೆ ಬಂತು, ಬೆನ್ನ ಮೇಲೆ ಥಳಥಳಿಸುವ ಅಂಬಾರಿ. ನಲವತ್ತು ಸಾವಿರ ದೂರುಗಳ ಮುಂದೆಯೂ 'ಬಗೆಹರಿದಿದೆ' ಎಂದು ನಮೂದಾಯಿತು. ಮಹಾರಾಜರಿಗೆ ಆಸ್ಥಾನವು 'ವೈಯಕ್ತಿಕ ಪತ್ರ ಸಾರ್ವಭೌಮ' ಎಂಬ ಬಿರುದನ್ನಿತ್ತು ಕಿರೀಟಕ್ಕೆ ಇನ್ನೊಂದು ಗರಿ ಸಿಕ್ಕಿಸಿತು.

ಆನೆಗೆ ದಿನಕ್ಕೆ ಹದಿನೈದು ಕೊಡ ನೀರು ಬೇಕಿತ್ತು. ರಾಜರ ಆನೆ ಬಾಯಾರಿದರೆ ಕೇರಿಗೆಲ್ಲ ಸೆರೆಮನೆ. ಅದರ ಮೇಲೇ ಕೊಡ ಹೇರಿ ತರೋಣವೆಂದರೆ ಚಿನ್ನದ ಲೇಪ ಮಾಸುತ್ತದೆಂದು ಮಾವುತ ಒಪ್ಪಲಿಲ್ಲ. ಹೆಂಗಸರು ಅದೇ ಎರಡು ಮೈಲಿಯನ್ನು ಇನ್ನಷ್ಟು ಸಲ ನಡೆದರು. ಕೆಲಸಕ್ಕೆ ಹೋಗುವ ಮುಂಚೆ ಕೆಂಚಮ್ಮನೂ ನಡೆದಳು.

"ಇನ್ನೊಂದ್ ದೂರು ಬರ್ದಾಕಕ್ಕ, ನಿನ್ ಕೈಯಾಗೇ ಐತಲ್ಲ," ಎಂದಳು ಪಕ್ಕದ ಮನೆಯ ದೊಡ್ಡತಾಯಿ.

"ಬರಿಯಾಕೋದೆ ಕಣವ್ವ. ನಮ್ಗೆ ನೀರಿನ್ ಕಷ್ಟ ಇಟ್ಕಳಕ್ಕೆ ಪರ್ಮಿಶನ್ನಿಲ್ವಂತೆ," ಎಂದು ಕೆಂಚಮ್ಮ ಸೊಂಟ ಹಿಡಿದುಕೊಂಡು ಕೊಡ ಇಳಿಸಿದಳು. ಆನೆ ಅದನ್ನು ಒಂದೇ ಗುಕ್ಕಿಗೆ ಬರಿದು ಮಾಡಿ, ದೊಡ್ಡತಾಯಿಯ ಕೊಡದ ಕಡೆಗೆ ಸೊಂಡಿಲು ಚಾಚಿತು.