ಓಣಿಯಲ್ಲಿ ನಡೆದ ಸೈನ್, ಕಾಸ್ ಪರೀಕ್ಷೆ

ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತವನನ್ನೂ ನಗೆಯ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಕಳೆದ ವರ್ಷವಂತೂ ನನಗೆ ಬಿಡುವೇ ಕೊಡಲಿಲ್ಲ. ಇದು ನನ್ನ ಮೊದಲ ಬರಹ. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಪ್ರೋಗ್ರಾಂ ಬರೆಯಲು ಭಾಷೆಗಳಿರುತ್ತವೆ. ಪ್ರತಿ ಭಾಷೆಯ ಜೊತೆಗೂ ಸಿದ್ಧ ಸಾಮಾನಿನ ಒಂದು ಪೆಟ್ಟಿಗೆ ಬರುತ್ತದೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಪುಸ್ತಕ ಇಡುವ ಲೈಬ್ರರಿ ಅಲ್ಲ. ಹಲವು ದೇಶಗಳ ಜನ ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದ ಒಂದು ಹೊಸ ಭಾಷೆಯ ಪೆಟ್ಟಿಗೆಯಲ್ಲಿ ದಶಾಂಶ ಸಂಖ್ಯೆಗಳ ಗಣಿತವೇ ಇರಲಿಲ್ಲ. ವರ್ಗಮೂಲ, ಸೈನ್, ಕಾಸ್ ಏನೂ ಇಲ್ಲ. ನಾನು ಬರೆದುಕೊಡುತ್ತೇನೆ ಎಂದೆ. ಎರಡು ಸಲ ಕಳಿಸಿದೆ. ತಪಾಸಣೆ ಮಾಡುವ ಮಹಿಳೆ ಎರಡು ಸಲವೂ ವಾಪಸು ಕಳಿಸಿದರು. ಕೊನೆಗೆ ಬರೆದರು: “ಕಂಪ್ಯೂಟರಿನಿಂದ ಬಂದಿರದ ಯಾವುದಾದರೂ ಮೂಲದೊಂದಿಗೆ ಹೋಲಿಸಿ ತೋರಿಸಿ. ತಿಂಗಳ ಕೊನೆಯೊಳಗೆ ಒಂದೇ ಒಂದು ಉತ್ತರ ತಾಳೆಯಾಗದಿದ್ದರೂ ನಿಮ್ಮ ಗಣಿತವನ್ನು ಕೈಬಿಡುತ್ತೇವೆ.”

ಅಷ್ಟರಲ್ಲಿ ನಾನು, ನನ್ನ ಗಣಿತ ಸೇರಿಯೇಬಿಟ್ಟಿತೆಂದು, ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿಯಾಗಿತ್ತು.

೧. ಮಂಡಕ್ಕಿ ಡಬ್ಬಿ

ಮೊದಲ ತೊಂದರೆ ಕೂಡಿಸುವುದರಲ್ಲೇ ಬಂತು. 0.1 ಅನ್ನು ಹತ್ತು ಸಲ ಕೂಡಿಸಿದರೆ ಒಂದು ಆಗಬೇಕು. ಕಂಪ್ಯೂಟರಿನಲ್ಲಿ ಆಗುವುದಿಲ್ಲ. ನಮಗೆ ಮೂರನೇ ಒಂದು ಭಾಗವನ್ನು 0.333 ಎಂದು ಎಷ್ಟು ಬರೆದರೂ ಮುಗಿಸಲು ಬರುವುದಿಲ್ಲವಲ್ಲ, ಅದಕ್ಕೆ ಹತ್ತನೇ ಒಂದು ಭಾಗ ಹಾಗೆ.

ಇದನ್ನು ಅವ್ವನಿಗೆ ವಿವರಿಸಿದೆ. ಅವಳು ಡಬ್ಬಿಗೆ ಮಂಡಕ್ಕಿ ತುಂಬುತ್ತಿದ್ದಳು.

“ಎಷ್ಟು ಕಡಿಮಿ ಬೀಳತೈತಿ?” ಎಂದಳು.

“ಹದಿನಾರನೇ ಸ್ಥಾನದಾಗ ಒಂದು ಚೂರು.”

ಅವ್ವ ಡಬ್ಬಿ ಎತ್ತಿ ಎರಡು ಸಲ ನೆಲಕ್ಕೆ ಕುಟ್ಟಿದಳು. ತುಂಬಿದ್ದ ಮಂಡಕ್ಕಿ ನಾಲ್ಕು ಬೆರಳು ಕೆಳಗಿಳಿಯಿತು. “ನೋಡು, ಕಣ್ಣೆದುರಿಗೇ ಇಷ್ಟು ಕಡಿಮಿ ಆತು. ನಾ ಏನರ ಯಾವ ದೇಶಕ್ಕರ ಕಾಗದ ಬರದೀನೇನು?”

೨. ಅರ್ಧ ಯಾರದು?

ದಶಾಂಶವನ್ನು ಪೂರ್ಣ ಸಂಖ್ಯೆ ಮಾಡುವ ಫಂಕ್ಷನ್ ಒಂದಿದೆ. ಫಂಕ್ಷನ್ ಎಂದರೆ ಸಂಖ್ಯೆ ಹಾಕಿದರೆ ಉತ್ತರ ಕೊಡುವ ಯಂತ್ರ ಎಂದುಕೊಳ್ಳಿ. 2.7 ಹಾಕಿದರೆ 3 ಬರುತ್ತದೆ. ಸರಿಯಾಗಿ ಅರ್ಧ ಇದ್ದರೆ? ಹತ್ತಿರದ ಸಮಸಂಖ್ಯೆಗೆ ಹೋಗಬೇಕು. 2.5 ಕೆಳಗಿಳಿದು 2 ಆಗಬೇಕು, 3.5 ಮೇಲೇರಿ 4 ಆಗಬೇಕು. ಒಂದು ಸಲ ಕೆಳಗೆ, ಒಂದು ಸಲ ಮೇಲೆ. ಈ ವಿಚಿತ್ರ ನಿಯಮ ಯಾಕೆಂದು ನನಗೇ ಹೊಳೆದಿರಲಿಲ್ಲ.

ಕಂಪ್ಲಿಯಲ್ಲಿ ಬೆಲ್ಲ ಮಾಡುವ ನಮ್ಮ ಕಾಕಾಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನಾವು ತೂಕದಾಗ ಹಂಗಽ ಮಾಡತೀವಲ್ಲೋ. ಅರ್ಧ ಕಿಲೋ ಉಳೀತಂದ್ರ ಒಂದು ಸಲ ಗಿರಾಕಿ ಕಡೆ, ಒಂದು ಸಲ ನಮ್ಮ ಕಡೆ. ಯಾವಾಗ್ಲೂ ಒಬ್ಬನ ಕಡೆ ಹಾಕಿದ್ರ ಸಂಜಿ ಅನ್ನೋದ್ರಾಗ ಇನ್ನೊಬ್ಬ ಮುಳುಗ್ತಾನ.”

ಪುಸ್ತಕಗಳು ನಾಲ್ಕು ಪುಟ ತೆಗೆದುಕೊಂಡದ್ದನ್ನು ಅವರು ಒಂದೇ ಉಸಿರಿನಲ್ಲಿ ಮುಗಿಸಿದ್ದರು. ಭಕ್ತಿಯಿಂದ ಕೇಳಿದೆ: “ಈ ಸಲ ಯಾರ ಪಾಳಿ ಅಂತ ಹೆಂಗ ನೆನಪಿಡತೀರಿ ಕಾಕಾ?”

“ಉಳಿದದ್ದು ಮರೀತೀನಪ. ಬೀಗ್ರು ಬಂದ್ರ ಮಾತ್ರ ನಂದಽ ಪಾಳಿ, ಅದು ಪಕ್ಕಾ ನೆನಪಿರತೈತಿ.”

೩. ಒಂದು ಸುತ್ತು

ಕಂಪ್ಯೂಟರಿನಿಂದ ಬಂದಿರದ ಮೂಲ ಪಕ್ಕದ ಮನೆಯಲ್ಲೇ ಸಿಕ್ಕಿತು. ಅಲ್ಲಿರುವವರು ಸಂಡೂರು ಗುಡ್ಡದ ಒಂದು ಗಣಿಯಲ್ಲಿ ಮೂವತ್ತು ವರ್ಷ ಸರ್ವೇಯರ್ ಆಗಿದ್ದು ನಿವೃತ್ತರಾದವರು. ನಾನು ಮಾವ ಎನ್ನುತ್ತೇನೆ. ಪ್ರತಿ ಕೋನದ ಸೈನ್, ಕಾಸ್ ಬೆಲೆಯನ್ನು ಏಳು ಅಂಕಿಗಳವರೆಗೆ ಅಚ್ಚು ಹಾಕಿದ ಹಳೆಯ ಕೋಷ್ಟಕದ ಪುಸ್ತಕ ಅವರ ಬಳಿ ಇತ್ತು.

ಮೊದಲ ದಿನ ಅವರೇ ನನ್ನ ಕಂಪ್ಯೂಟರಿನಲ್ಲಿ ಸೈನ್ 30 ಎಂದು ಒತ್ತಿದರು. ಮೈನಸ್ 0.988 ಬಂತು.

“ಅರ್ಧ ಬರಬೇಕಲೇ! ಇದ್ಯಾವ ಮೈನಸ್ಸು?”

ಕಂಪ್ಯೂಟರ್ ಕೋನವನ್ನು ಡಿಗ್ರಿಯಲ್ಲಿ ಅಳೆಯುವುದಿಲ್ಲ, ರೇಡಿಯನ್ನಿನಲ್ಲಿ ಅಳೆಯುತ್ತದೆ ಎಂದೆ. “ಅದರಾಗ ಒಂದು ಸುತ್ತಿಗೆ ಮುನ್ನೂರ ಅರವತ್ತು ಅಲ್ರಿ ಮಾವ, ಆರೂ ಚಿಲ್ಲರೆ.”

“ಚಿಲ್ಲರೆ ಅಂದ್ರ ಎಷ್ಟು?”

“ಅದು ಮುಗಿಯಂಗಿಲ್ರಿ. ಬರಕೋತ ಹೋದಂಗ ಅಂಕಿ ಬರತಾವ.”

ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮುಗಿಯಂಗಿಲ್ಲಾ? ಮತ್ತ ಒಂದು ಸುತ್ತು ಹೊಡದು ಮನಿಗೆ ಹೆಂಗ ಬರತೀರಿ?”

೪. ಮೂವತ್ತೊಂಬತ್ತು ಡಿಗ್ರಿ ಇಪ್ಪತ್ತು ಮಿನಿಟು

ಡಿಗ್ರಿಯನ್ನು ರೇಡಿಯನ್ನಿಗೆ ಬದಲಿಸಿಕೊಂಡು ಮೂರು ವಾರ ಹೋಲಿಸಿದೆವು. ಅವರು ಓದುವುದು, ನಾನು ನೋಡುವುದು. ಎಲ್ಲವೂ ತಾಳೆಯಾಯಿತು. ಗಡುವಿಗೆ ಮೂರು ದಿನ ಉಳಿದಾಗ ಸೈನ್ ಮೂವತ್ತೊಂಬತ್ತು ಡಿಗ್ರಿ ಇಪ್ಪತ್ತು ಮಿನಿಟು ಬಂತು. ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಮಿನಿಟು ಎನ್ನುತ್ತಾರೆ. ಪುಸ್ತಕದಲ್ಲಿ 0.6388311. ನನ್ನದು 0.6338311.

“ಪುಸ್ತಕ ತಪ್ಪಂಗಿಲ್ಲ ತಮ್ಮಾ. ಇದನ್ನ ನೋಡೇ ಗುಡ್ಡ ಕಡದೀವಿ,” ಎಂದರು ಮಾವ.

ಎರಡು ದಿನ ನನ್ನ ಫಂಕ್ಷನ್ನನ್ನು ಕಿತ್ತು ಮತ್ತೆ ಬರೆದೆ. ಅದೇ ಉತ್ತರ. ಕೊನೆಯ ದಿನ ಸೋತು, ಪುಸ್ತಕದ ಹಿಂದಿನ ಮುಂದಿನ ಸಾಲು ನೋಡಿದೆ. ಮೇಲಿನದು 0.6315, ಕೆಳಗಿನದು 0.6360. ಇಲ್ಲಿ ಕೋನ ಹೆಚ್ಚಿದಂತೆ ಸೈನ್ ಮೆಟ್ಟಿಲಿನಂತೆ ಏರುತ್ತಲೇ ಹೋಗಬೇಕು. ಇದು ಮಾತ್ರ ನಡುವೆ ಎಗರಿ ಮತ್ತೆ ಇಳಿದಿತ್ತು. ಅಚ್ಚಿನ ತಪ್ಪು! ಮೂರು ಇರಬೇಕಾದಲ್ಲಿ ಎಂಟು ಕೂತಿತ್ತು.

ತಪಾಸಣೆಯ ಮಹಿಳೆಗೆ ಪುಟದ ಫೋಟೊ ಕಳಿಸಿದೆ. ಒಂದು ತಾಸಿನಲ್ಲಿ ಉತ್ತರ ಬಂತು: “ನೀವೇ ಸರಿ. ಸೇರಿಸಿಕೊಂಡಿದ್ದೇವೆ.”

ಪಕ್ಕದ ಮನೆಗೆ ಓಡಿದೆ. “ಮಾವ, ಪಾಸಾತ್ರಿ! ಪುಸ್ತಕದ್ದಽ ತಪ್ಪಂತ!”

ಮಾವ ನಗಲಿಲ್ಲ. ತಮ್ಮ ಹಳೆಯ ಅಳತೆಯ ನೋಟ್‌ಬುಕ್ ತೆಗೆದು ಒಂದು ಪುಟದ ಮೇಲೆ ಬೆರಳಿಟ್ಟು ಕೂತಿದ್ದರು.

“ಗುಡ್ಡದ ಮ್ಯಾಲಿನ ಕ್ವಾರ್ಟರ್ಸಿಗೆ ಹೋಗೋ ರಸ್ತೇದ ಕಡೇ ತಿರುವು ನಾನಽ ಗುರುತು ಮಾಡಿದ್ದು. ಮೂವತ್ತೊಂಬತ್ತು ಡಿಗ್ರಿ ಇಪ್ಪತ್ತು ಮಿನಿಟು. ಎಷ್ಟು ಫರಕು ಬಿದ್ದಿರತೈತಿ?”

ಲೆಕ್ಕ ಹಾಕಿದೆ. “ನೂರು ಮೀಟರಿಗೆ ಅರ್ಧ ಮೀಟರ್ರಿ.”

“ಅದಕ್ಕಽ ಸ್ಟಾಫ್ ಬಸ್ಸು ಅಲ್ಲಿ ಒಂದಽ ಸಲಕ್ಕ ತಿರುಗತಿದ್ದಿಲ್ಲ. ಒಮ್ಮೆ ರಿವರ್ಸ್ ತಗೋಬೇಕಾಗತಿತ್ತು. ನಾ ದಿನಾ ಬಸ್ಸಿನಾಗ ಎದ್ದು ನಿಂತು, ‘ಸ್ಟೇರಿಂಗ್ ಹಿಡಿಯಾಕ ಬರಂಗಿಲ್ಲೇನಲೇ’ ಅಂತ ಆ ಡ್ರೈವರ್‌ಗೆ ಬೈತಿದ್ದೆ. ಈಗ ಅವ ಹಿಂದಿನ ಓಣ್ಯಾಗಽ ಮನಿ ಕಟ್ಟ್ಯಾನ.”

ಕುರ್ಚಿ ನನ್ನ ಹತ್ತಿರ ಎಳೆದುಕೊಂಡು ದನಿ ಇಳಿಸಿದರು. “ತಮ್ಮಾ, ನಿನ್ನ ಫಂಕ್ಷನ್ನಿನಾಗ ಅದೊಂದು ಕಡೆ ಎಂಟು ಹಾಕಿಬಿಡು.”

“ಮಾವ, ಅದು ಇಡೀ ಜಗತ್ತಿಗೆ ಹೋಗತೈತ್ರಿ!”

“ಹೋಗಲಿ ಬಿಡು. ನಾಳೆ ಮುಂಜಾನೆ ನನ್ನ ಜೋಡಿ ವಾಕಿಂಗಿಗೆ ಜಗತ್ತು ಬರಂಗಿಲ್ಲ, ಅವ ಬರತಾನ.”