ಬರೆದವರು ಯಾರು, ಕಾಲುಚೀಲ ಯಾರದ್ದು?

ಆ ದಿನದ ಎಡವಟ್ಟಿಗೆಲ್ಲ ಮೂಲ ಅಮ್ಮನ ಈಜು.

ಅರವತ್ತು ದಾಟಿದ ಮೇಲೆ ಅಮ್ಮನಿಗೆ ಈಜು ಕಲಿಯುವ ಹುಕಿ ಹತ್ತಿತ್ತು. ಮಂಡಿನೋವಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದು ಬರೀ ನೆಪ. ಇಷ್ಟು ದಿನ ಕೊಳದ ಆಳವಿಲ್ಲದ ಕಡೆ ಎಮ್ಮೆಯ ಗಾಂಭೀರ್ಯದಲ್ಲಿ ಓಡಾಡಿಕೊಂಡಿದ್ದವಳು ಇವತ್ತು ಸಂಜೆ ಆರಕ್ಕೆ ಮೊದಲ ಸಲ ಆಳದ ಭಾಗ ದಾಟುವವಳಿದ್ದಳು. ಮಗ ಆಫೀಸಿನ ಮೆಟ್ಟಿಲು ಹತ್ತುವಾಗಲೇ ಫೋನು.

“ನೀನು ಆ ತುದೀಲಿ ನಿಂತಿರಬೇಕು ಕಣೋ.”

“ಯಾಕಮ್ಮ, ಕೋಚ್ ಇರ್ತಾರಲ್ಲ?”

“ಕೋಚ್ ಮುಖ ನೋಡಿದ್ರೆ ಧೈರ್ಯ ಬರುತ್ತೆ. ನಿನ್ನ ಮುಖ ನೋಡಿದ್ರೆ ಸಿಟ್ಟು ಬರುತ್ತೆ. ಸಿಟ್ಟಲ್ಲಿ ನಾನು ಬೇಗ ಈಜ್ತೀನಿ. ಹೋದ ಸಲದ ಹಾಗೆ ಆಫೀಸಲ್ಲಿ ಕೆಲಸ ಅಂದ್ಯೋ, ಮಧ್ಯದಲ್ಲೇ ನಿಂತುಬಿಡ್ತೀನಿ.”

“ಮಧ್ಯದಲ್ಲಿ ನೆಲ ಸಿಗಲ್ಲಮ್ಮ.”

“ಗೊತ್ತು. ಅದಕ್ಕೇ ಹೇಳಿದ್ದು.”

ಮಗನ ನಿಜವಾದ ಹೆಸರನ್ನು ಆಫೀಸು ಯಾವಾಗಲೋ ಮರೆತಿತ್ತು. ಅಲ್ಲಿ ಅವನು ‘ಕೈಬರಹ’. ಅವನ ಕಂಪ್ಯೂಟರಿಗೂ ಯಾರೋ ಅದೇ ಹೆಸರು ಹಾಕಿಟ್ಟಿದ್ದರು. ಆ ಕಂಪನಿ ಲಾಂಡ್ರಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿತ್ತು: ಅಂಗಿ ಕೊಟ್ಟರೆ ಆರ್ಡರ್, ಬೇಡ ಅಂದರೆ ರದ್ದು, ಕಾಲುಚೀಲ ಕಳೆದರೆ ದೂರು. ಬೇರೆಯವರ ಪ್ರೋಗ್ರಾಮು ಬಂದು ಇವರ ಪ್ರೋಗ್ರಾಮನ್ನು ಮಾತಾಡಿಸಲು ಒಂದೊಂದು ಕೆಲಸಕ್ಕೆ ಒಂದೊಂದು ಕಿಟಕಿ. ಅದಕ್ಕೆ ಎಪಿಐ ಎಂದು ಹೆಸರು. ಯಾವ ಕಿಟಕಿಯಲ್ಲಿ ಏನು ಕೇಳಬೇಕು, ಏನು ಕೊಡುತ್ತಾರೆ ಎಂಬುದೆಲ್ಲ ‘ಸ್ಪೆಕ್’ ಎಂಬ ಉದ್ದನೆಯ ಫೈಲಿನಲ್ಲಿತ್ತು. ಕಿಟಕಿಯ ಮುಂದೆ ನಿಂತು ಕೇಳುವ ಗಿರಾಕಿಯ ಕಡೆಯ ಕೋಡನ್ನೂ ಅದರ ಕೈಪಿಡಿಯನ್ನೂ ಕೂತು ಕುಟ್ಟುವುದು ಕೈಬರಹನ ಕೆಲಸ. ಅವನು ಕುಟ್ಟಿ ಮುಗಿಸುವ ಹೊತ್ತಿಗೆ ಒಳಗಿನವರು ಒಂದು ಕಿಟಕಿ ಮುಚ್ಚಿ, ಪಕ್ಕದಲ್ಲಿ ಇನ್ನೊಂದು ಕೊರೆದಿರುತ್ತಿದ್ದರು. ಓಡುವ ಬಸ್ಸಿಗೆ ಬಣ್ಣ ಹೊಡೆದ ಹಾಗೆ ಅವನ ಬಾಳು.

ಅವನು ಬರೆದ ಕೈಪಿಡಿಗಳೋ, ಬೇಯಿಸಿ ಉಪ್ಪು ಮರೆತ ಗೆಣಸಿನ ಹಾಗಿರುತ್ತಿದ್ದವು. ಅವನ ಜೀವಮಾನದಲ್ಲಿ ಅವನ ಮಾತಿಗೆ ಯಾರೂ ನಕ್ಕ ದಾಖಲೆ ಇರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಮ್ಯಾನೇಜರು ಎದುರಾದರು. ಅವರದು ಪ್ರತಿ ವಾಕ್ಯವನ್ನೂ ಎಳೆದು, ಕೊನೆಯಲ್ಲಿ ‘ಅಲ್ವಾ?’ ಎಂಬ ಗಂಟು ಹಾಕುವ ಶೈಲಿ.

“ನೋ...ಡಿ, ನಮ್ಮ ದೊಡ್ಡ ಗಿರಾಕಿ ಲಾಂಡ್ರಿ ಮೇಡಂಗೆ ಇವತ್ತೇ ಕೋಡು, ಕೈಪಿಡಿ ಎರಡೂ ಕೊಡ್ತೀವಿ ಅಂತ ಮಾತು ಕೊಟ್ಟಿದೀವಿ, ಅಲ್ವಾ?”

“ಯಾರು ಸಾರ್ ಕೊಟ್ಟಿದ್ದು?”

“ಮಾತು ನಾವು ಕೊಡ್ತೀವಿ. ಕೆಲಸ ನೀವು ಕೊಡ್ತೀರಿ. ಅದು ಹೋಗೋವರೆಗೆ ಯಾರೂ ಮನೆಗೆ ಹೋಗೋ ಹಾಗಿಲ್ಲ, ಅಲ್ವಾ?”

ವಾರಗಟ್ಟಲೆ ಹಿಡಿಯುವ ಕೆಲಸ. ಬೇರೆ ದಿನವಾಗಿದ್ದರೆ ಕೈಬರಹ ಕುರ್ಚಿಯಲ್ಲೇ ಕರಗಿ ಹೋಗುತ್ತಿದ್ದ. ಆದರೆ ಇವತ್ತು ಅವನ ಹತ್ತಿರ ಒಂದು ಗುಟ್ಟಿತ್ತು. ಹೋದ ವಾರ ಅವನಿಗೆ ‘ಜನರೇಟರ್’ ಎಂಬ ಒಂದು ಪ್ರೋಗ್ರಾಮು ಸಿಕ್ಕಿತ್ತು. ಒಂದು ಕಡೆಯಿಂದ ಸ್ಪೆಕ್ ತುರುಕಿದರೆ ಇನ್ನೊಂದು ಕಡೆಯಿಂದ ಕೋಡು, ಕೈಪಿಡಿ ಎರಡೂ ಬಿಸಿಬಿಸಿಯಾಗಿ ಉದುರುತ್ತವಂತೆ.

ಸ್ಪೆಕ್ ಇದ್ದದ್ದು ಸರ್ವರಮ್ಮನ ಸುಪರ್ದಿನಲ್ಲಿ. ಸರ್ವರುಗಳನ್ನು ಗದರಿಸಿ ಓಡಿಸುವ ಆಕೆಗೆ ಆ ಹೆಸರು ಹುಟ್ಟಿನಿಂದಲೇ ಬಂದದ್ದೇನೋ ಎನ್ನುವಷ್ಟು ಒಗ್ಗಿತ್ತು. ಆಕೆ ಇನ್ನೂ ಬಂದಿರಲಿಲ್ಲ. ಇಷ್ಟು ವರ್ಷ ಕೈಬರಹ ಆ ಫೈಲನ್ನು ತೆರೆದವನೇ ಅಲ್ಲ. ಅದರೊಳಗಿನ ಆವರಣ ಚಿಹ್ನೆಗಳನ್ನು ಕಂಡರೆ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಏನು ಬೇಕಿದ್ದರೂ ಆಕೆಯ ಕುರ್ಚಿ ಪಕ್ಕ ನಿಂತು, ಬಾಯಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದ. ಇವತ್ತೂ ತೆರೆಯಲಿಲ್ಲ. ಓದದೆ ಜನರೇಟರಿಗೆ ತುರುಕಿ ಓಡಿಸಿದ.

ಕಾಫಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು! ಕೋಡು ಒಂದು ರಾಶಿ. ಕೈಪಿಡಿಯಂತೂ ಮದುಮಗಳ ಹಾಗೆ ಅಲಂಕಾರ ಮಾಡಿಕೊಂಡು ಕೂತಿತ್ತು. ಪರಿವಿಡಿ, ಬಣ್ಣದ ತಲೆಬರಹ, ಪ್ರತಿ ಪುಟದ ಅಡಿಯಲ್ಲಿ ‘ಬರೆದವರು: ಕೈಬರಹ’. ಮೆಷಿನ್ನಿಗೆ ತನ್ನ ಮೇಲೆ ಎಂಥ ಗೌರವ ಎಂದು ಅವನು ಉಬ್ಬಿಹೋದ. ಮೊದಲ ಪುಟ ನೋಡಿದ್ದೇ ‘ಪ್ರಕಟಿಸು’ ಒತ್ತಿದ. ಲಾಂಡ್ರಿ ಮೇಡಂಗೆ ಮೇಲ್ ತಾನಾಗೇ ಹೋಯಿತು.

“ಅಷ್ಟು ಬೇಗ ಹೇಗಾಯ್ತು? ಎಲ್ಲೋ ಎಡವಟ್ಟಿದೆ,” ಎನ್ನುತ್ತ ‘ಅನುಮಾನ’ ಎಂದೇ ಹೆಸರಾದ ಸಹೋದ್ಯೋಗಿ ಬಂದ. ಅವನು ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಟೆಸ್ಟರ್. ಲಿಫ್ಟಿನ ಗುಂಡಿ ಒತ್ತಿ ದೀಪ ಹತ್ತಿದರೂ ನಂಬದೆ ಮತ್ತೊಮ್ಮೆ ಒತ್ತುವ ಜಾತಿ. ಎರಡನೇ ಪುಟ ತಿರುಗಿಸಿದ. ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗಾಯಿತು.

“ಅಯ್ಯಯ್ಯೋ! ಇದು ಹೊರಗೆ ಹೋಯ್ತಾ?”

ಕೈಬರಹ ಬಗ್ಗಿ ಓದಿದ.

‘ಆರ್ಡರ್ ಸೇರಿಸು: ಒಂದೇ ಸಲ ಕರೆಯಿರಿ. ಅವಸರದಲ್ಲಿ ಎರಡು ಸಲ ಕರೆದರೆ ಒಂದೇ ಅಂಗಿ ಒಯ್ಯಲು ಇಬ್ಬರು ಬಂದು ಬಾಗಿಲಲ್ಲಿ ಜಗಳ ಆಡ್ತಾರೆ. ಸರಿ ಮಾಡಮ್ಮ ಅಂದ್ರೆ ಸರ್ವರಮ್ಮ ಬರೀ ನಗ್ತಾಳೆ.’

‘ಆರ್ಡರ್ ರದ್ದು: ರದ್ದಾಯ್ತು ಅಂತ ಹೇಳುತ್ತೆ. ನಂಬಬೇಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿ. ಅನುಮಾನ ಹೇಗಿದ್ದರೂ ಯಾರನ್ನೂ ನಂಬಲ್ಲ, ಅವನಿಗೆ ಈ ಸೂಚನೆ ಬೇಕಿಲ್ಲ.’

“ಇದೇನಪ್ಪಾ ಇದು?”

ಅನುಮಾನ ವಿಷಯ ಬಿಚ್ಚಿದ. ಹಿಂದೊಮ್ಮೆ ಆಫೀಸಿನ ಹರಟೆ ಗುಂಪನ್ನು ಮ್ಯಾನೇಜರು ಮುಚ್ಚಿಸಿದ್ದರಲ್ಲ, ಆಮೇಲೆ ಮಾತಾಡಲು ಜಾಗವಿರಲಿಲ್ಲ. ಸ್ಪೆಕ್ಕಿನಲ್ಲಿ ಪ್ರತಿ ಕಿಟಕಿಗೂ ‘ವಿವರಣೆ’ ಎಂಬ ಖಾಲಿ ಜಾಗ. ಅಲ್ಲಿ ಏನು ಬರೆದರೂ ಪ್ರೋಗ್ರಾಮಿಗೆ ಲೆಕ್ಕಕ್ಕಿಲ್ಲ. ಮ್ಯಾನೇಜರು ಓದಲ್ಲ, ಕೈಬರಹ ಓದಲ್ಲ. ಹಾಗಾಗಿ ತಾನೂ ಸರ್ವರಮ್ಮನೂ ಅಲ್ಲೇ ಬರೆದುಕೊಂಡು, ಬೈದುಕೊಂಡು, ನಗಾಡಿಕೊಂಡು ಕಾಲ ಹಾಕಿದ್ದರು. ಜನರೇಟರ್ ಪಾಪ, ವಿಧೇಯ ಸೊಸೆಯ ಹಾಗೆ ಇದ್ದದ್ದನ್ನೆಲ್ಲ ತಂದು ಜಗಲಿಯಲ್ಲಿ ಹರವಿತ್ತು.

“ಕಾಲುಚೀಲದ್ದು ಓದಿದ್ರಾ?” ಆಗಷ್ಟೇ ಬಂದ ಸರ್ವರಮ್ಮ ಚೀಲ ಹೆಗಲಲ್ಲೇ ಬಿಟ್ಟು ಕೇಳಿದಳು. ಅವಳ ದನಿ ಕೆಟ್ಟ ರೇಡಿಯೋ ಆಗಿತ್ತು.

ಓದಿದರು. ಅವರು ಮಾತ್ರವಲ್ಲ, ಬೆನ್ನ ಹಿಂದೆ ಬಂದು ನಿಂತ ಮ್ಯಾನೇಜರೂ ಗಟ್ಟಿಯಾಗಿ ಓದಿದರು.

“‘ಕಾಲುಚೀಲ ದೂರು: ಮ್ಯಾನೇಜರ ಕಾಲುಚೀಲ ಒಂದು ಕಳೆದಾಗ ಈ ಕಿಟಕಿ ಹುಟ್ಟಿತು. ಕಳೆದದ್ದು ಎಡಗಾಲಿನದು ಅಂತ ಅವರೇ ಅಂದ್ರು. ಕಾಲುಚೀಲಕ್ಕೆ ಎಡ ಬಲ ಎಲ್ಲಿದೆ ಅಂತ ಕೇಳೋ ಧೈರ್ಯ ಯಾರಿಗೂ ಬರಲಿಲ್ಲ. ಅದಕ್ಕೇ ‘ಯಾವ ಕಾಲು’ ಅನ್ನೋ ಜಾಗ ಕಡ್ಡಾಯ. ತುಂಬದಿದ್ರೆ ದೂರು ಮಾತಿಲ್ಲದೆ ವಾಪಸ್...’ ಯಾ...ರು ಬರೆದಿದ್ದು ಇದು?”

ಈ ಸಲ ‘ಅಲ್ವಾ’ ಬರಲಿಲ್ಲ. ಅದೇ ಭಯಂಕರ.

ಎಲ್ಲರೂ ಮೇಲ್‌ನಲ್ಲಿ ಉತ್ತರ ಕೊಡಬೇಕು ಎಂದು ಅಪ್ಪಣೆಯಾಯಿತು. ‘ನಾನು ಬರೆದಿಲ್ಲ. ನನಗೆ ತಮಾಷೆ ಮಾಡೋಕೆ ಬರೋದಿಲ್ಲ’ ಎಂದು ಸರ್ವರಮ್ಮ ಬರೆದಳು. ‘ನಾನು ಬರೆದಿಲ್ಲ. ಬರೆದಿದ್ದೇನೆ ಎಂದು ಯಾರಾದರೂ ಹೇಳಿದರೆ ನಂಬಬಾರದೆಂದು ವಿನಂತಿ’ ಎಂದು ಅನುಮಾನ. ವಿಚಾರಣೆ ಊಟದ ಹೊತ್ತು ದಾಟಿತು, ಟೀ ಹೊತ್ತನ್ನೂ ನುಂಗಿತು. ಮ್ಯಾನೇಜರು ಕೋಣೆಯೊಳಗೆ ಆಚೆಯಿಂದೀಚೆ ಓಡಾಡುತ್ತಿದ್ದರು. ಎಲ್ಲರ ಕಣ್ಣೂ ತಮಗೆ ಗೊತ್ತಿಲ್ಲದೆ ಅವರ ಎಡಗಾಲಿನ ಮೇಲೇ ಬೀಳುತ್ತಿತ್ತು.

“ನಿಜ ಹೊರಗೆ ಬರೋವರೆಗೆ ಇವತ್ತು ಇಲ್ಲೇ! ರಾತ್ರಿ ಆದ್ರೂ ಸರಿ, ಅಲ್ವಾ?”

ಕೈಬರಹ ಗಡಿಯಾರ ನೋಡಿದ. ಕಣ್ಣ ಮುಂದೆ ಆಳದ ನೀರು, ಮಧ್ಯದಲ್ಲಿ ಹಟ ಹಿಡಿದು ನಿಂತ ಅಮ್ಮ. ಸರ್ವರಮ್ಮನನ್ನು ನೋಡಿದ. ಅವಳು ಫ್ಯಾನಿನ ರೆಕ್ಕೆಗಳನ್ನು ಅಧ್ಯಯನ ಮಾಡುತ್ತಿದ್ದಳು. ಅನುಮಾನನನ್ನು ನೋಡಿದ. ಅವನು ತನ್ನ ಬೆರಳುಗಳು ಎಲ್ಲ ಇವೆಯೇ ಎಂದು ಪರೀಕ್ಷಿಸುತ್ತಿದ್ದ.

“ನಾನೇ ಸಾರ್ ಬರೆದಿದ್ದು,” ಎಂದ ಕೈಬರಹ. “ಅಡಿಯಲ್ಲಿ ಹೆಸರೂ ಇದೆಯಲ್ಲ.”

ಮ್ಯಾನೇಜರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಈ ಗೆಣಸಿನಿಂದ ಇಷ್ಟು ಖಾರವೇ ಎಂಬ ಆಶ್ಚರ್ಯ ಸಿಟ್ಟನ್ನೂ ಅರೆಕ್ಷಣ ತಡೆಯಿತು.

“ವಿವರಣೆ ಎಲ್ಲಾ ಅಳಿಸಿ. ಹೊಸದು ಹಾಕಿ. ನಾಳೆ ನಿಮ್ಮ ಹತ್ರ ಬೇರೆ ಮಾತಾಡ್ತೀವಿ.”

ಅಳಿಸಿದ. ಮೆಷಿನ್ ಮತ್ತೆ ಓಡಿತು. ಈ ಸಲ ಬಂದ ಕೈಪಿಡಿ ತೊಳೆದಿಟ್ಟ ತಟ್ಟೆಯ ಹಾಗಿತ್ತು. ‘ಆರ್ಡರ್ ಸೇರಿಸು: ಆರ್ಡರನ್ನು ಸೇರಿಸುತ್ತದೆ. ಆರ್ಡರ್ ರದ್ದು: ಆರ್ಡರನ್ನು ರದ್ದು ಮಾಡುತ್ತದೆ. ಯಾವ ಕಾಲು: ಯಾವ ಕಾಲು ಎಂಬುದು.’ ಪ್ರಕಟಿಸಿ, ಚೀಲ ಹೆಗಲಿಗೆ ಹಾಕಿ ಬಾಗಿಲ ಹತ್ತಿರ ಬಂದ. ಅಷ್ಟರಲ್ಲಿ ಮ್ಯಾನೇಜರ ಫೋನು ಹೊಡೆದುಕೊಂಡಿತು. ಲಾಂಡ್ರಿ ಮೇಡಂ. ಅವಸರದಲ್ಲಿ ಬೆರಳು ತಪ್ಪಿ ಸ್ಪೀಕರ್ ಆನ್ ಆಯಿತು.

“ಯಾರ್ರೀ ಅದು ಬೆಳಿಗ್ಗೆ ಕಳಿಸಿದ ಕೈಪಿಡಿ ಬರೆದದ್ದು?”

“ಮೇಡಂ, ಕ್ರಮ ತಗೋತಾ ಇದೀವಿ, ಕ್ಷಮೆ...”

“ಕ್ರಮ? ರೀ, ನನ್ನ ಆಯಸ್ಸಲ್ಲಿ ಕೊನೇವರೆಗೂ ಓದಿದ ಮೊದಲ ಕೈಪಿಡಿ ಅದು! ಎಷ್ಟು ಕಾಲದಿಂದ ನಮ್ಮ ಕಾಲುಚೀಲ ದೂರೆಲ್ಲಾ ವಾಪಸ್ ಬರ್ತಿತ್ತು. ಯಾಕೆ ಅಂತ ಒಬ್ಬರೂ ಹೇಳಿರಲಿಲ್ಲ. ಇವತ್ತು ಯಾವ ಕಾಲು ಅಂತ ಹಾಕಿದ್ವಿ, ಸಲೀಸಾಗಿ ಹೋಯ್ತು! ಈಗ ನೋಡಿದ್ರೆ ಅದು ಮಾಯ. ಹೊಸದು ಮೆಷಿನ್ ಬರೆದ ಹಾಗಿದೆ, ಓದ್ತಾ ನಮ್ಮೋರು ಆಕಳಿಸ್ತಾ ಇದಾರೆ. ಹಳೇದು ವಾಪಸ್ ಹಾಕಿ.”

ಮ್ಯಾನೇಜರ ಮುಖ ನಿಧಾನವಾಗಿ ಅರಳತೊಡಗಿತು. “ಖಂಡಿತ ಮೇಡಂ. ಆ ಕಾಲುಚೀಲದ ಕತೆ ಒಂದು ತೆಗೆದು...”

“ಅದೇ ಬೇಕಾಗಿರೋದು! ಇನ್ನೊಂದು ಮಾತು. ನಿಮ್ಮ ಉಳಿದ ಕಿಟಕಿಗಳದ್ದೂ ಎಲ್ಲಾ ಹೀಗೇ ಬೇಕು. ಆ ಮಹಾನುಭಾವರೇ ಬರೀಬೇಕು, ಅದೇ ನಾಲಿಗೇಲಿ. ಮೆಷಿನ್ನಿಂದ ಕೋಡು ಬೇಕಾದ್ರೆ ಮಾಡ್ಸಿ, ಮಾತು ಮಾಡ್ಸಬೇಡಿ.”

ಫೋನು ಇಟ್ಟ ಮ್ಯಾನೇಜರು ಕೈಬರಹನನ್ನು ತಬ್ಬಿಕೊಂಡರು. “ಎಂ...ಥ ಪ್ರತಿಭೆ! ನಾವು ಮೊದಲೇ ಗುರುತಿಸಿದ್ವಿ, ಅಲ್ವಾ? ನಾಳೆಯಿಂದ ಎಲ್ಲಾ ಕಿಟಕೀನೂ ನೀವೇ. ಕೈಯಲ್ಲೇ!”

ಕೈಬರಹ ಗೆಳೆಯರ ಕಡೆ ತಿರುಗಿ ಕಣ್ಣಲ್ಲೇ ಬೇಡಿದ.

“ನಾವು ಬರೆದಿಲ್ಲ ಅಂತ ಮೇಲ್ ಮಾಡಿಬಿಟ್ಟಿದೀವಲ್ಲ,” ಎಂದಳು ಸರ್ವರಮ್ಮ ಮೃದುವಾಗಿ. ಅನುಮಾನ ಜೀವನದಲ್ಲಿ ಮೊದಲ ಬಾರಿಗೆ ಒಂದು ಮಾತನ್ನು ನಂಬಿ ತಲೆಯಾಡಿಸಿದ.

ಓಡುತ್ತ, ಬಸ್ಸು ಹಿಡಿದು, ಮತ್ತೆ ಓಡುತ್ತ ಕೊಳದ ಆ ತುದಿ ಮುಟ್ಟಿದಾಗ ಅಮ್ಮ ನೀರಿಗೆ ಇಳಿದಾಗಿತ್ತು. ಕೆಂಪು ಟೋಪಿ ಅವನನ್ನು ಕಂಡಿತು. ಒಂದು ಕ್ಷಣ ತಡೆದು, ಹೊರಟಿತು. ಕೈ ಎತ್ತಿ ಬಡಿದು, ಉಸಿರು ಊದಿ, ಸಾಲ ತೀರಿಸದವಳ ಮನೆಗೆ ಜಗಳಕ್ಕೆ ಹೊರಟವಳ ರಭಸದಲ್ಲಿ ಅಮ್ಮ ಆಳದ ನೀಲಿಯ ಮೇಲೆ ಬಂದೇಬಂದಳು. ಮಧ್ಯದಲ್ಲಿ ಒಮ್ಮೆ ತಲೆ ಮುಳುಗಿತು. ಕೈಬರಹನ ಜೀವವೂ ಮುಳುಗಿತು. ಎರಡೂ ಮೇಲೆ ಬಂದವು. ಅಮ್ಮನ ಕೈ ಅಂಚನ್ನು ಹಿಡಿಯಿತು.

“ಅಮ್ಮಾ! ದಾಟಿಬಿಟ್ಟೆ!”

“ನಿನ್ನ ಮುಖ ನೋಡು, ಹಿಂಡದೆ ಒಣಗಿಸಿದ ಅಂಗಿ ಥರ ಇದೆ,” ಎಂದಳು ಅಮ್ಮ ಏದುಸಿರಿನಲ್ಲಿ. “ಒಂದು ಸಲ ಹೊರಟ ಮೇಲೆ ಮಧ್ಯದಲ್ಲಿ ನಿಂತು ಯೋಚನೆ ಮಾಡಬಾರದು ಕಣೋ. ಯೋಚನೆ ಭಾರ, ಮುಳುಗಿಸುತ್ತೆ.”

ಕೈಬರಹನಿಗೆ ಏನೋ ಹೊಳೆಯಿತು. ಆರ್ಡರ್ ಕಳಿಸುವ ಕಿಟಕಿಗೆ ಹೇಳಿ ಮಾಡಿಸಿದ ಮಾತು! ಮಧ್ಯದಲ್ಲಿ ನಿಲ್ಲಿಸಿದರೆ ಅದೂ ಮುಳುಗುತ್ತದೆ. ಇಷ್ಟು ವರ್ಷ ಮನೆಯಲ್ಲೇ ಇದ್ದ ನಾಲಿಗೆಯನ್ನು ಬಿಟ್ಟು ಎಲ್ಲೆಲ್ಲಿ ಹುಡುಕುವುದು? ಗಬಕ್ಕನೆ ಫೋನು ತೆಗೆದು ಕುಟ್ಟತೊಡಗಿದ.

“ಅಮ್ಮ, ಆ ಅಂಗಿದು ಇನ್ನೊಂದು ಸಲ ಹೇಳು.”

“ಏನೋ ಅದು?”

ಅವನು ನಡೆದದ್ದನ್ನೆಲ್ಲ ಹೇಳಿದ. ಅಮ್ಮ ನೀರಲ್ಲೇ ತೇಲುತ್ತ ಗಮನವಿಟ್ಟು ಕೇಳಿದಳು. ಕಾಲುಚೀಲದ ಹತ್ತಿರ ನಕ್ಕು ನೀರು ಕುಡಿದಳು.

“ಅಂದ್ರೆ ನಾನು ಬೈಬೇಕು, ನೀನು ಬರೀಬೇಕು. ಸರಿ, ಪುಟದ ಅಡಿಯಲ್ಲಿ ಬರೆದವರು ಅಂತ ಯಾರ ಹೆಸರು ಬರುತ್ತೆ?”

“ಮೆಷಿನ್ ಓಡಿಸಿದವರದು.”

“ಹಾಗಾದ್ರೆ ನಾಳೆಯಿಂದ ಮೆಷಿನ್ ನಾನೇ ಓಡಿಸ್ತೀನಿ,” ಎಂದು ಅಮ್ಮ ಕೈ ಚಾಚಿದಳು. “ಈಗ ಆ ಟವೆಲ್ ಕೊಡು.”